ಪರಿಗ್ರಹ ಪರಿಮಾಣ ವ್ರತವೂ ಮನೆಯ ದೂರದರ್ಶನವೂ

ಶ್ರಾವಕನ ಐದು ಅಣುವ್ರತಗಳಲ್ಲಿ ಮೊದಲ ನಾಲ್ಕು ಭಂಗವಾದಾಗ ಅದು ಬಹುಮಟ್ಟಿಗೆ ಇತರರ ಗಮನಕ್ಕೂ ಬರುತ್ತದೆ. ಹಿಂಸೆಗೆ, ಅಸತ್ಯಕ್ಕೆ, ಚೌರ್ಯಕ್ಕೆ, ಅಬ್ರಹ್ಮಕ್ಕೆ ಸಾಕ್ಷಿಗಳಿರುತ್ತಾರೆ, ನೊಂದವರಿರುತ್ತಾರೆ. ಐದನೆಯದಾದ ಪರಿಗ್ರಹ ಪರಿಮಾಣ ವ್ರತದ ಸ್ಥಿತಿ ಬೇರೆ. ಅದು ಮುರಿಯುವುದು ಮನೆಮಂದಿಯೆಲ್ಲರ ಸಂತೋಷದ ನಡುವೆ, ಹೊಸ ವಸ್ತುವಿಗೆ ಅರಿಸಿನ ಕುಂಕುಮ ಹಚ್ಚುವ ಹೊತ್ತಿನಲ್ಲಿ. ಅಲ್ಲಿ ಯಾರೂ ನೊಂದುಕೊಳ್ಳುವುದಿಲ್ಲ. ಯಾರೂ ಪ್ರಶ್ನಿಸುವುದೂ ಇಲ್ಲ. ಆದುದರಿಂದಲೇ ಈ ವ್ರತವನ್ನು ಹೊತ್ತವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಮಾತುಗಳು ಹೆಚ್ಚು.

ಹಾಸನ ಜಿಲ್ಲೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. 1993ರ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ ಆ ಮನೆಯ ದಂಪತಿಗಳು ಶ್ರವಣಬೆಳಗೊಳದಲ್ಲಿ ಪರಿಗ್ರಹ ಪರಿಮಾಣ ವ್ರತವನ್ನು ಜೀವಿತಾವಧಿಗೆ ಸ್ವೀಕರಿಸಿ, ಊರಿಗೆ ಮರಳಿದ ಮೇಲೆ ಒಂದು ಚಿಕ್ಕ ಪುಸ್ತಕದಲ್ಲಿ ಅದರ ವಿವರ ಬರೆದಿಟ್ಟರು. ಗದ್ದೆ ಇಷ್ಟು, ತೋಟ ಇಷ್ಟು, ಮನೆ ಒಂದು, ಬಂಗಾರ ಇಷ್ಟು ತೊಲ. ಕೊನೆಯ ಪುಟದಲ್ಲಿ ಒಂದು ಸಾಲು: ಟಿ.ವಿ. ಒಂದು. ಆಗ ಮನೆಯಲ್ಲಿದ್ದುದು 21 ಅಂಗುಲದ, ಹಿಂಬದಿ ಉಬ್ಬಿದ, ಗಾಜಿನ ಕೊಳವೆಯ ಪೆಟ್ಟಿಗೆ. ಯಜಮಾನರು ಈಗಿಲ್ಲ. ತಾಯಿ ಇದ್ದಾರೆ, ವ್ರತವೂ ಇದೆ. ಪೆಟ್ಟಿಗೆಯ ಚಿತ್ರ ಮಾತ್ರ ನಡುಗತೊಡಗಿದೆ.

2025ರ ದಶಲಕ್ಷಣ ಪರ್ವವು ಸೆಪ್ಟೆಂಬರ್ 6ರ ಅನಂತ ಚತುರ್ದಶಿಯಂದು ಮುಗಿಯಿತು. ಉತ್ತಮ ಆಕಿಂಚನ್ಯದ ಪ್ರವಚನ ಕೇಳಿದ ಕಿವಿಗಳಿಗೆ ಹದಿನಾರೇ ದಿನಗಳಲ್ಲಿ ಇನ್ನೊಂದು ಸುದ್ದಿ ಮುಟ್ಟಿತು: ಸೆಪ್ಟೆಂಬರ್ 22ರಿಂದ 32 ಅಂಗುಲಕ್ಕಿಂತ ದೊಡ್ಡ ದೂರದರ್ಶನ ಯಂತ್ರಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ದೊಡ್ಡದಕ್ಕೂ ಚಿಕ್ಕದಕ್ಕೂ ತೆರಿಗೆ ಒಂದೇ ಆಯಿತು. ನವರಾತ್ರಿಯ ರಿಯಾಯಿತಿಗಳೂ ಅದರೊಡನೆ ಕೂಡಿಕೊಂಡವು. ಮನೆಯ ಮಗ 55 ಅಂಗುಲದ ಚಪ್ಪಟೆ ಪರದೆಯ ಯಂತ್ರವನ್ನು ತರಬೇಕೆಂದು ನಿಶ್ಚಯಿಸಿದ. ಹಳೆಯದು ಹೋಗಿ ಹೊಸದು ಬರುತ್ತದೆ, ಎಣಿಕೆ ಒಂದೇ ಉಳಿಯುತ್ತದೆ, ತಾಯಿಯ ವ್ರತಕ್ಕೆ ಬಾಧೆಯಿಲ್ಲ ಎಂಬುದು ಅವನ ವಾದ. ಅದರ ಮೇಲೆ, ಯಂತ್ರ ಕೊಳ್ಳುವವನು ತಾನು. ಅದು ತನ್ನ ಪರಿಗ್ರಹವೇ ಹೊರತು ತಾಯಿಯದಲ್ಲ.

ಈ ಎರಡು ಮಾತುಗಳೂ ಮೇಲ್ನೋಟಕ್ಕೆ ನಿರ್ದುಷ್ಟವಾಗಿವೆ. ಆದರೆ ಶ್ರಾವಕಾಚಾರದ ಗ್ರಂಥಗಳನ್ನು ಬಲ್ಲವರಿಗೆ ಇವೆರಡೂ ಹಳೆಯ ಪರಿಚಿತರೇ. ಹನ್ನೆರಡನೆಯ ಶತಮಾನದ ಶ್ವೇತಾಂಬರ ಆಚಾರ್ಯ ಹೇಮಚಂದ್ರರು ತಮ್ಮ ಯೋಗಶಾಸ್ತ್ರದಲ್ಲಿ ಈ ವ್ರತದ ಅತಿಚಾರಗಳನ್ನು ವಿವೇಚಿಸುವಾಗ ಯೋಜನ, ಎಂದರೆ ಜೋಡಿಸುವಿಕೆ, ಎಂಬುದನ್ನು ಹೇಳುತ್ತಾರೆ. ಒಂದೇ ಹೊಲವೆಂದು ಪರಿಮಾಣ ಮಾಡಿಕೊಂಡವನು ಪಕ್ಕದ ಹೊಲವನ್ನೂ ಕೊಂಡು ನಡುವಿನ ಬೇಲಿಯನ್ನು ಕಿತ್ತುಹಾಕುತ್ತಾನೆ. ಎಣಿಸಿದರೆ ಹೊಲ ಒಂದೇ. ವ್ರತ ಸಂಪೂರ್ಣವಾಗಿ ಮುರಿದಿಲ್ಲ, ಆದರೆ ಮಲಿನವಾಗಿದೆ. ಹೆಚ್ಚಾದ ಸೊತ್ತನ್ನು ಇನ್ನೊಬ್ಬರ ಕೈಯಲ್ಲಿ ಇರಿಸಿ ತನ್ನದಲ್ಲವೆನ್ನುವುದೂ ಅದೇ ಸಾಲಿನಲ್ಲಿ ಬರುತ್ತದೆ. ಮನುಷ್ಯನ ಮನಸ್ಸಿನ ಒಳದಾರಿಗಳನ್ನು ಆಚಾರ್ಯರು ಎಷ್ಟು ನಿಕಟವಾಗಿ ಬಲ್ಲರೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಪರದೆಯ ವಿಷಯದಲ್ಲಿ ಬೇಲಿ ಕಿತ್ತ ಲೆಕ್ಕವನ್ನು ಯಾರೂ ಮಾಡಬಹುದು. ಅಂಗುಲವೆಂಬುದು ಮೂಲೆಯಿಂದ ಮೂಲೆಗೆ ಹಿಡಿದ ಅಳತೆ. ಹಳೆಯ 21 ಅಂಗುಲದ ಪರದೆಯ ವಿಸ್ತೀರ್ಣ ಹೆಚ್ಚೆಂದರೆ 212 ಚದರ ಅಂಗುಲ. 55 ಅಂಗುಲದ್ದು ಸುಮಾರು 1290. ಪುಸ್ತಕದಲ್ಲಿ ಬರೆದ ಒಂದು ಒಂದೇ ಆಗಿ ಉಳಿದು ಒಳಗೊಳಗೇ ಆರು ಪಟ್ಟು ಬೆಳೆದಿದೆ.

ಹಾಗೆಂದು ಪರಿಗ್ರಹವನ್ನು ಗಜಕಡ್ಡಿಯಿಂದ ಅಳೆಯಬೇಕೆಂದು ಯಾರೂ ಹೇಳುವುದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪರಿಗ್ರಹಕ್ಕೆ ಕೊಡುವ ಲಕ್ಷಣ ಮೂರ್ಛೆ. ವಸ್ತುವಿಗಿಂತ ವಸ್ತುವಿನಲ್ಲಿ ಮೈಮರೆಯುವ ಮಮತ್ವವೇ ಅಲ್ಲಿ ಮುಖ್ಯ. ಬಾಹ್ಯ ಪರಿಗ್ರಹಗಳು ಹತ್ತಾದರೆ ಅಂತರಂಗದವು ಹದಿನಾಲ್ಕು ಎಂದು ಎಣಿಸಿರುವುದೂ ಇದೇ ಕಾರಣಕ್ಕೆ. ಇದನ್ನು ಕೇಳಿದ ಕೂಡಲೆ ಕೆಲವರು ನೆಮ್ಮದಿಯ ಉಸಿರು ಬಿಡುತ್ತಾರೆ: ನನಗೆ ಮೂರ್ಛೆಯಿಲ್ಲ, ಆದುದರಿಂದ ಎಷ್ಟು ದೊಡ್ಡದಾದರೂ ದೋಷವಿಲ್ಲ. ಇದು ಬಲು ಅನುಕೂಲವಾದ ವ್ಯಾಖ್ಯಾನ. ಮೂರ್ಛೆಯಿಲ್ಲದವನಿಗೆ ದೊಡ್ಡದೇ ಬೇಕೆಂಬ ಹಟವೇಕೆ ಬಂದಿತೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಉಪಯೋಗ ಎಲ್ಲಿ ಮುಗಿಯುತ್ತದೆ, ಮೂರ್ಛೆ ಎಲ್ಲಿ ತೊಡಗುತ್ತದೆ ಎಂಬುದನ್ನು ಗುರುತಿಸುವುದು ಸಾಮಾನ್ಯವಾಗಿ ಕಠಿಣ. ಬಟ್ಟೆಯಲ್ಲಿ, ಆಭರಣದಲ್ಲಿ, ವಾಹನದಲ್ಲಿ ಅದರ ಗೆರೆ ಮಸುಕು. ವಿಚಿತ್ರವೆಂದರೆ ಈ ಚಪ್ಪಟೆ ಪರದೆಗಳಲ್ಲಿ ಆ ಗೆರೆಯನ್ನು ಹೆಚ್ಚುಕಡಮೆ ಅಳೆದೇ ತೋರಿಸಬಹುದು. ಫುಲ್ ಎಚ್‌ಡಿ ಎನ್ನುವ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳಿರುತ್ತವೆ. 4ಕೆ ಎನ್ನುವುದರಲ್ಲಿ 3840 ಮತ್ತು 2160, ಎಂದರೆ ಒಟ್ಟು ನಾಲ್ಕು ಪಟ್ಟು. ಆರೋಗ್ಯವಾದ ಕಣ್ಣು ಪ್ರತ್ಯೇಕಿಸಬಲ್ಲ ಅತಿ ಸಣ್ಣ ಕೋನ ಒಂದು ಅಂಶದ ಅರವತ್ತನೆಯ ಒಂದು ಭಾಗವೆಂಬುದು ನೇತ್ರವೈದ್ಯರ ಸಾಮಾನ್ಯ ಅಳತೆ. ಅದರಂತೆ ಗುಣಿಸಿದರೆ, 43 ಅಂಗುಲದ ಫುಲ್ ಎಚ್‌ಡಿ ಪರದೆಯ ಬಿಂದುಗಳು ಸುಮಾರು ಐದೂವರೆ ಅಡಿಯಾಚೆಗೆ, 55 ಅಂಗುಲದವು ಸುಮಾರು ಏಳು ಅಡಿಯಾಚೆಗೆ ಒಂದರಲ್ಲೊಂದು ಬೆರೆತುಹೋಗುತ್ತವೆ. ನಡುಮನೆಯ ಗೋಡೆಗೆ ತೂಗುಹಾಕಿದ ಪರದೆಯನ್ನು ಎದುರು ಗೋಡೆಯ ಸೋಫಾದಲ್ಲಿ, ಹತ್ತು ಅಡಿ ದೂರದಲ್ಲಿ, ಕುಳಿತು ನೋಡುವವರಿಗೆ 4ಕೆಯ ಹೆಚ್ಚಿನ ಸೂಕ್ಷ್ಮತೆ ಕಾಣುವುದಿಲ್ಲ. ತೀರ ದೊಡ್ಡ ಯಂತ್ರಗಳೆಲ್ಲ ಈಗ 4ಕೆಯಲ್ಲೇ ಬರುವುದರಿಂದ ಕೊಳ್ಳುವವನಿಗೆ ಅಲ್ಲಿ ಆಯ್ಕೆ ಕಡಮೆ ಎಂಬುದು ನಿಜ. ಆದರೂ ಕಾಣದ ಬಿಂದುಗಳಿಗಾಗಿ ಯಂತ್ರವನ್ನು ಮೆಚ್ಚಿ ಹೆಚ್ಚು ಹಣ ಕೊಡುವವನು ಕೊಳ್ಳುತ್ತಿರುವುದು ಏನನ್ನು? ಕಣ್ಣಿಗೆ ಅದರಿಂದ ಉಪಭೋಗವಿಲ್ಲ. ಉಳಿಯುವುದು ತನ್ನಲ್ಲಿ ಅದು ಇದೆ ಎಂಬ ಭಾವವೊಂದೇ.

ಅಂಗಡಿಯೊಳಗೆ ಈ ವಿವೇಕ ಉಳಿಯುವುದು ಕಷ್ಟ. ಸಾಲಾಗಿ ತೂಗಿದ ಪರದೆಗಳ ಬೆಳಕನ್ನು ಅಲ್ಲಿ ಅತ್ಯುಚ್ಚ ಮಟ್ಟಕ್ಕೇರಿಸಿ, ಬಣ್ಣಗಳನ್ನು ಗಾಢಗೊಳಿಸಿ ಇಟ್ಟಿರುತ್ತಾರೆ. ಮನೆಯಲ್ಲಿ ಯಾರೂ ಹಾಗೆ ನೋಡುವುದಿಲ್ಲ. ಎಲ್‌ಇಡಿ ಎಂಬ ಹೊಸ ಹೆಸರಿನ ಬಹುಪಾಲು ಯಂತ್ರಗಳು ಹಳೆಯ ಎಲ್‌ಸಿಡಿಯೇ; ಹಿಂಬದಿಯ ದೀಪ ಮಾತ್ರ ಬದಲಾಗಿದೆ. ಸ್ವಯಂ ಬೆಳಗುವ ಬಿಂದುಗಳುಳ್ಳದ್ದು ಓಎಲ್‌ಇಡಿ, ಅದರ ಬೆಲೆಯೂ ಬೇರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ವಿಸ್ಮಯವೂ ಒಂದು. ಪರರ ಸಂಪತ್ತನ್ನು ಕಂಡು ಬೆರಗಾಗುವುದನ್ನು ಲೋಭದ ಪಕ್ಕದಲ್ಲೇ ಏಕೆ ಇರಿಸಿದರೆಂದು ಸಂದೇಹಪಡುವವರು ಹಬ್ಬದ ಸಂಜೆ ಇಂಥ ಅಂಗಡಿಯೊಂದರಲ್ಲಿ ಕಾಲು ಗಂಟೆ ನಿಂತರೆ ಸಾಕು. ಪರಿಮಾಣವನ್ನು ಆಸೆ ಹುಟ್ಟುವ ಮೊದಲೇ, ಮನೆಯಲ್ಲಿ ಕುಳಿತು, ಬರೆದಿಡಬೇಕೆಂಬ ವಿಧಿಯ ಅರ್ಥ ಆಗ ತಿಳಿಯುತ್ತದೆ. ಅಂಗಡಿಯಲ್ಲಿ ಮಾಡಿಕೊಂಡ ಪರಿಮಾಣ ಅಂಗಡಿಯವನದು.

ಯಂತ್ರ ಮನೆಗೆ ಬಂದ ಮೇಲೆ ಅದು ತಿನ್ನುವ ವಿದ್ಯುತ್ತಿನ ಮಾತು. ವಿದ್ಯುತ್ತು ಸಚಿತ್ತ ತೇಜಸ್ಕಾಯವೋ ಅಲ್ಲವೋ ಎಂಬ ಚರ್ಚೆ ಮುನಿಸಂಘಗಳಲ್ಲಿ ಬಹುಕಾಲದಿಂದ ನಡೆದಿದೆ. ಗೃಹಸ್ಥನು ಅದರ ತೀರ್ಪಿಗಾಗಿ ಕಾಯಬೇಕಿಲ್ಲ. 100 ವ್ಯಾಟಿನ ಯಂತ್ರ ದಿನಕ್ಕೆ ನಾಲ್ಕು ಗಂಟೆ ನಡೆದರೆ ವರ್ಷಕ್ಕೆ 146 ಯೂನಿಟ್. ದೇಶದ ವಿದ್ಯುತ್ತಿನ ಬಹುಭಾಗ ಇಂದಿಗೂ ಕಲ್ಲಿದ್ದಲಿನದು. ಯೂನಿಟ್ಟಿಗೆ ಸುಮಾರು ಏಳುನೂರು ಗ್ರಾಂ ಎಂದು ಹಿಡಿದರೂ ವರ್ಷಕ್ಕೆ ಒಂದು ಕ್ವಿಂಟಾಲ್ ಕಲ್ಲಿದ್ದಲು ಎಲ್ಲೋ ಒಂದು ಕಡೆ ಉರಿಯುತ್ತದೆ. ಗೃಹಕೃತ್ಯದ ಆರಂಭೀ ಹಿಂಸೆಯನ್ನು ಶ್ರಾವಕನು ಪೂರ್ತಿ ಬಿಡಲಾರ. ಆದರೆ ಯಾರೂ ನೋಡದೆ ನಡುಮನೆಯಲ್ಲಿ ತಾನೇ ಮಾತನಾಡುತ್ತ ಉರಿಯುವ ಪರದೆ ಯಾವ ಗೃಹಕೃತ್ಯ? ಅದಕ್ಕೆ ಶಾಸ್ತ್ರದಲ್ಲಿರುವ ಹೆಸರು ಪ್ರಮಾದಚರ್ಯೆ, ಅನರ್ಥದಂಡದ ಐದು ಬಗೆಗಳಲ್ಲೊಂದು.

ಆ ಐದರಲ್ಲೇ ಇನ್ನೆರಡು ಈ ಯಂತ್ರಕ್ಕೆಂದೇ ಹೇಳಿದಂತಿವೆ. ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದು ದುಃಶ್ರುತಿ. ಇನ್ನೊಬ್ಬರಿಗೆ ಕೇಡಾಗಲೆಂದು ಚಿಂತಿಸುವುದು ಅಪಧ್ಯಾನ. ಧಾರಾವಾಹಿಯ ದುಷ್ಟ ಪಾತ್ರಕ್ಕೆ ತಕ್ಕ ಶಾಸ್ತಿಯಾಗಲೆಂದು ವಾರಗಟ್ಟಲೆ ಹಾರೈಸುತ್ತ ಕೂರುವ ಸಾಧುಸ್ವಭಾವದ ಗೃಹಿಣಿಯರಿದ್ದಾರೆ. ಸುದ್ದಿಯ ಜಗಳಗಳಲ್ಲಿ ಒಂದು ಪಕ್ಷ ನೆಲಕಚ್ಚಲೆಂದು ಹಲ್ಲುಕಚ್ಚುವ ಹಿರಿಯರೂ ಇದ್ದಾರೆ. ಇರುವೆಯನ್ನೂ ತುಳಿಯದ ಮನೆಗಳಿವು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಯಲ್ಲಿ ಸಂಜೆ ಬಹಳ ಉದ್ದವಾಗಿರುತ್ತದೆ. ರಾತ್ರಿಭೋಜನ ತ್ಯಾಗದಿಂದ ದೊರೆತ ಆ ಮೂರು ನಾಲ್ಕು ಗಂಟೆಗಳು ಹಿಂದೆ ಸಾಮಾಯಿಕಕ್ಕೂ ಸ್ವಾಧ್ಯಾಯಕ್ಕೂ, ಅಜ್ಜಿಯರ ಪುರಾಣಕಥೆಗಳಿಗೂ ಸಂದುತ್ತಿದ್ದವು. ದೂರದರ್ಶನದ ಪ್ರಮುಖ ಕಾರ್ಯಕ್ರಮಗಳೆಲ್ಲ ಸರಿಯಾಗಿ ಆ ಗಂಟೆಗಳಲ್ಲೇ ಬಂದು ಕುಳಿತಿವೆ. ಅಂಗುಲಗಳ ಬಗ್ಗೆ ಮನೆಯಲ್ಲಿ ಮೂರು ವಾರ ಚರ್ಚೆ ನಡೆಯಿತು. ಗಂಟೆಗಳ ಬಗ್ಗೆ ಮೂರು ನಿಮಿಷವೂ ನಡೆಯಲಿಲ್ಲ. ವ್ರತದ ಪುಸ್ತಕದಲ್ಲಿಯೂ ಅವುಗಳಿಗೆ ಸಾಲಿಲ್ಲ, 1993ರಲ್ಲಿ ಯಾರಿಗೂ ಅದರ ಅಗತ್ಯ ತೋರಿರಲಿಲ್ಲ. ಭೋಗೋಪಭೋಗ ಪರಿಮಾಣದಲ್ಲಿ ಆಜೀವ ಪರ್ಯಂತದ ಯಮವಲ್ಲದೆ ಕಾಲಮಿತಿಯ ನಿಯಮಕ್ಕೂ ಅವಕಾಶವಿದೆ. ಚಾತುರ್ಮಾಸದಲ್ಲಿ ದಿನಕ್ಕೆ ಒಂದೇ ಗಂಟೆಯೆಂದು ನಿಯಮ ಹಿಡಿಯಲು ಯಾರ ಅಡ್ಡಿಯೂ ಇಲ್ಲ.

ಹಳೆಯ ಪೆಟ್ಟಿಗೆಯನ್ನು ಏನು ಮಾಡುವುದು? ಮನೆಗೆಲಸದವಳಿಗೆ ಕೊಟ್ಟರೆ ದಾನವಾಯಿತೆಂದು ಸೊಸೆ ಹೇಳಿದಳು. ನಡುಗುವ ಚಿತ್ರದ, ದುರಸ್ತಿಗೆ ಬಿಡಿಭಾಗ ಸಿಗದ ವಸ್ತುವನ್ನು ಬಡವರ ಮನೆಗೆ ಸಾಗಿಸುವುದನ್ನು ದಾನವೆನ್ನಲು ಧೈರ್ಯ ಬೇಕು. ಗುಜರಿಯವನಿಗೆ ಹಾಕುವುದು ಇನ್ನೂ ಸುಲಭ. ಆದರೆ ಆ ಗಾಜಿನ ಕೊಳವೆಯಲ್ಲಿ ಸೀಸವಿದೆ. ತಾಮ್ರದ ತಂತಿಗಾಗಿ ಅದನ್ನು ಸುತ್ತಿಗೆಯಿಂದ ಒಡೆಯುವವನು ಆ ಧೂಳನ್ನು ಉಸಿರಾಡುತ್ತಾನೆ, ಉಳಿದುದು ಮಣ್ಣಿಗೂ ನೀರಿಗೂ ಸೇರುತ್ತದೆ. ಹಿಂಸೆಯನ್ನು ತಾನೇ ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂಬ ಕೃತ, ಕಾರಿತ, ಅನುಮೋದನೆಗಳಲ್ಲಿ ಎರಡನೆಯದು ಇಲ್ಲಿ ಇಪ್ಪತ್ತು ರೂಪಾಯಿಗೂ ಬೆಲೆಬಾಳದ ಚೌಕಾಸಿಯಲ್ಲಿ ನಡೆದುಹೋಗುತ್ತದೆ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ನೋಂದಾಯಿತ ಮರುಬಳಕೆದಾರರಿಗೆ ತಲಪಿಸುವ ಶ್ರಮವನ್ನು ಮನೆಯವರೇ ವಹಿಸಬೇಕು.

ಬಸದಿಗಳ ಆಡಳಿತ ಮಂಡಳಿಗಳಿಗೂ ಈ ವಿಚಾರ ದೂರದ್ದಲ್ಲ. ಸಭಾಭವನಕ್ಕೆ ದೊಡ್ಡ ಪರದೆಯೊಂದನ್ನು ದಾನಿಗಳ ಹೆಸರಿನೊಂದಿಗೆ ಸ್ವೀಕರಿಸುವುದು ಸುಲಭ. ವರ್ಷದಲ್ಲಿ ಎಷ್ಟು ದಿನ ಅದು ಪ್ರವಚನಕ್ಕೆ ಬಳಕೆಯಾಗುತ್ತದೆ, ವಿದ್ಯುತ್ ಬಿಲ್ಲು ಯಾವ ನಿಧಿಯಿಂದ ಸಲ್ಲುತ್ತದೆ ಎಂದು ಮೊದಲು ಕೇಳುವ ಮಂಡಳಿಗಳು ವಿರಳ.

ಇಷ್ಟೆಲ್ಲ ಹೇಳಿದ ಮೇಲೂ ಆ ಮನೆಯ ತಾಯಿಯ ಅಪೇಕ್ಷೆಯನ್ನು ಅಲ್ಲಗಳೆಯಲಾಗದು. ಅವರಿಗೆ ಕಣ್ಣು ಮಂಜಾಗಿದೆ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಅವರು ಇನ್ನು ಹತ್ತಲಾರರು. 2018ರ ಮಹಾಮಸ್ತಕಾಭಿಷೇಕವನ್ನು ಅವರು ಹಳೆಯ ಪೆಟ್ಟಿಗೆಯ ಮುಂದೆಯೇ ಕುಳಿತು, ಕ್ಷೀರಾಭಿಷೇಕವಾವುದು ಚಂದನವಾವುದು ಎಂದು ಮೊಮ್ಮಗಳನ್ನು ಕೇಳುತ್ತ ನೋಡಿದರು. ಹನ್ನೆರಡು ವರ್ಷಗಳ ವಾಡಿಕೆಯಂತೆ ಮುಂದಿನದು 2030ರ ಸುಮಾರಿಗೆ. ಪರದೆಯ ಮೇಲಿನ ಬಿಂಬವನ್ನು ನೋಡುವುದು ಬೆಟ್ಟದ ಮೇಲಿನ ದರ್ಶನಕ್ಕೆ ಸಮವಲ್ಲ; ಆದರೆ ಕೈಮುಗಿದು ಕುಳಿತ ಆ ವೃದ್ಧೆಯ ಭಾವಶುದ್ಧಿಯನ್ನು ಕಡಮೆಯೆಂದು ನಿರ್ಣಯಿಸುವ ಅಧಿಕಾರ ಯಾರಿಗಿದೆ? ಅವರಿಗೆ ದೊಡ್ಡ ಚಿತ್ರ ಬೇಕಾಗಿರುವುದು ನಿಜವಾದ ಅಗತ್ಯ. ಮಗನ ಐವತ್ತೈದು ಅಂಗುಲಗಳಿಗೆ ಆಧಾರವೇನಾದರೂ ಇದ್ದರೆ ಅದು ತಾಯಿಯ ಕಣ್ಣು, ಅವನು ಹೂಡಿದ ಎರಡು ವಾದಗಳಲ್ಲ.

ಅದಕ್ಕೂ ಒಂದು ಲೆಕ್ಕವಿದೆ. ಕಣ್ಣಿಗೆ ಚಿತ್ರದ ಗಾತ್ರವೆಂಬುದು ಪರದೆಯಿಂದಷ್ಟೇ ಅಲ್ಲ, ದೂರದಿಂದಲೂ ನಿರ್ಧಾರವಾಗುತ್ತದೆ. ಐದು ಅಡಿ ದೂರದಿಂದ ನೋಡಿದ 43 ಅಂಗುಲದ ಪರದೆ, ಏಳೂವರೆ ಅಡಿಯಿಂದ ನೋಡಿದ 65 ಅಂಗುಲದ ಪರದೆಯಷ್ಟೇ ದೊಡ್ಡದಾಗಿ ಕಾಣುತ್ತದೆ. ಮೊಮ್ಮಗಳು ಇದನ್ನು ಕಾಗದದ ಮೇಲೆ ಗೆರೆ ಎಳೆದು ತಂದೆಗೆ ತೋರಿಸಿದಳು. ತಂದೆ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅಜ್ಜಿಯ ಬೆತ್ತದ ಕುರ್ಚಿಯನ್ನು ಹಿಂದಿನ ಗೋಡೆಯಿಂದ ಐದು ಅಡಿ ಮುಂದಕ್ಕೆ ತಂದು ಇರಿಸಲಾಯಿತು. ಕುರ್ಚಿಗಳ ಎಣಿಕೆ ಪುಸ್ತಕದಲ್ಲಿ ಆಗಲೇ ಇತ್ತು. ಅಜ್ಜಿ ಕನ್ನಡಕ ತರಿಸಿ ಕೊನೆಯ ಪುಟವನ್ನು ತೆರೆಸಿ, ಟಿ.ವಿ. ಒಂದು ಎಂಬುದರ ಮುಂದೆ 43 ಎಂದು ಬರೆಯಿಸಿದರು. ಆಮೇಲೆ ಯೋಚಿಸಿ, ಅದರ ಕೆಳಗೆ ಗಂಟೆಗಳಿಗೆಂದು ಒಂದು ಸಾಲು ಜಾಗ ಬಿಡಲು ಹೇಳಿದರು.