ತಂತಿಯ ಕೆಳಗೆ ನಿಂತವರ ಲೆಕ್ಕ

ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಶಾಂತಿಗ್ರಾಮ ಸಿಗುತ್ತದೆ. ಅಲ್ಲೊಂದು 400 ಕೆ.ವಿ. ಸಬ್‌ಸ್ಟೇಷನ್. ಉಡುಪಿ ಜಿಲ್ಲೆಯ ನಂದಿಕೂರಿನಲ್ಲಿ ಕಲ್ಲಿದ್ದಲು ಸುಟ್ಟು ತೆಗೆದ ಕರೆಂಟು ಘಟ್ಟ ಹತ್ತಿ ಬಂದು ಇಲ್ಲಿ ರಾಜ್ಯದ ಗ್ರಿಡ್ಡಿಗೆ ಸೇರುತ್ತದೆ. ಹೊಳೆನರಸೀಪುರ, ಅರಕಲಗೂಡಿನ ಹೊಲಗಳ ಮೇಲೂ ಟವರಿನ ಸಾಲುಗಳಿವೆ. ಮಳೆ ಹನಿಯುವಾಗ ಕೆಳಗೆ ನಿಂತರೆ ಜೇನುಹುಳದ ಹಾಗೆ ಗುಂಯ್ ಅನ್ನುತ್ತದೆ.

ಅರಕಲಗೂಡು ಸೀಮೆಯಲ್ಲಿ ಹೊಗೆಸೊಪ್ಪಿನ ಹೊಲದಲ್ಲಿ ಕೂಲಿಗೆ ಕಳೆ ಕೀಳುತ್ತಿದ್ದ ಒಬ್ಬ ಅವ್ವ ತಲೆ ಎತ್ತಿ ಕೇಳಿದಳು: ‘ಈ ಲೈನು ಎಲ್ಲಿಗೋಯ್ತದೆ ಮೇಷ್ಟ್ರೇ?’

‘ಬೆಂಗಳೂರ ಕಡೀಕೆ ಅಂತ ಕಾಣ್ತದೆ ಕಣವ್ವ.’

‘ಅಲ್ಲೇನ್ ಮಾಡ್ತಾರೆ ಅಷ್ಟೊಂದು ಕರೆಂಟ?’

ನನಗೆ ಉತ್ತರ ಗೊತ್ತಿರಲಿಲ್ಲ. ಇವಳಿಗೆ ಯಾಕೆ ಈ ಪ್ರಶ್ನೆ ಅಂತ ಒಂದು ಗಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಆಮೇಲೆ ನಾಚಿಕೆಯಾಯಿತು.

ಬೆಂಗಳೂರಿನಲ್ಲಿ ಈಗ ಡೇಟಾ ಸೆಂಟರ್ ಅನ್ನುವ ಕಟ್ಟಡಗಳು ಏಳುತ್ತಿವೆ. ನಮ್ಮ ಮೊಬೈಲಿನ ಫೋಟೋ, ಬ್ಯಾಂಕಿನ ಲೆಕ್ಕ, ಮನುಷ್ಯನ ಹಾಗೆ ಮಾತಾಡುವ ಯಂತ್ರ, ಎಲ್ಲ ಅಂಥ ಕಟ್ಟಡದೊಳಗಿನ ಕಂಪ್ಯೂಟರುಗಳಲ್ಲಿ ಇರುತ್ತವೆ. ಅವಕ್ಕೆ ಹಗಲಿಲ್ಲ, ರಾತ್ರಿಯಿಲ್ಲ. ಬಿಸಿಯಾಗುವ ಯಂತ್ರವನ್ನು ತಣ್ಣಗಿಡುವುದಕ್ಕೂ ಕರೆಂಟೇ ಬೇಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2025ರಲ್ಲಿ ಕೊಟ್ಟ ಲೆಕ್ಕದಂತೆ, 2024ರಲ್ಲಿ ಲೋಕದ ಡೇಟಾ ಸೆಂಟರುಗಳು ತಿಂದ ಕರೆಂಟು ಸುಮಾರು 41,500 ಕೋಟಿ ಯೂನಿಟ್. 2030ಕ್ಕೆ ಇದು ಎರಡರಷ್ಟು ದಾಟುತ್ತದಂತೆ. ಐರ್ಲೆಂಡ್ ಅನ್ನುವ ಸಣ್ಣ ದೇಶದಲ್ಲಿ 2023ರಲ್ಲೇ ನೂರಕ್ಕೆ 21 ಪಾಲು ಕರೆಂಟು ಇವುಗಳ ಹೊಟ್ಟೆಗೆ ಹೋಯಿತು. ಪಟ್ಟಣದ ಮನೆಗಳೆಲ್ಲ ಸೇರಿ ಸುಟ್ಟದ್ದಕ್ಕಿಂತ ಅದು ಹೆಚ್ಚು. ಕರ್ನಾಟಕ ಸರ್ಕಾರವೂ ಇವನ್ನು ಕರೆತರಲು 2022-27ರ ನೀತಿಯನ್ನೇ ಮಾಡಿದೆ.

ನಮ್ಮ ಅಳತೆಗೆ ತಂದು ನೋಡಿ. 100 ಮೆಗಾವಾಟಿನ ಕಟ್ಟಡ ಒಂದು ಗಂಟೆ ಪೂರ್ತಿ ಓಡಿದರೆ ಒಂದು ಲಕ್ಷ ಯೂನಿಟ್. ತಿಂಗಳಿಗೆ 40 ಯೂನಿಟ್ ಸುಡುವ ಗುಡಿಸಲುಗಳಾದರೆ ಎರಡೂವರೆ ಸಾವಿರ ಮನೆಯ ಒಂದು ತಿಂಗಳ ದೀಪ. ಅದೂ ಒಂದೇ ಗಂಟೆಗೆ! 2023ರ ಬರದಲ್ಲಿ ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀಫೇಸ್ ಕೊಡಿ ಅಂತ ರೈತರು ಬೀದಿಗಿಳಿಯಬೇಕಾಗಿತ್ತು.

ಇದು ಹೊಸ ಕತೆಯೇನಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ, ಬಿಳಿಯರ ಕಂಪನಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ತಂತಿ ಹಾದುಹೋದ ಹಳ್ಳಿಗಳು ಬುಡ್ಡಿದೀಪದಲ್ಲೇ ಉಳಿದವು. ಗಣಿಯೊಳಗೆ ಇಳಿದು ಎದೆಗೆ ದೂಳು ತುಂಬಿಕೊಂಡವರಲ್ಲಿ ಹೆಚ್ಚಿನವರು ನಮ್ಮವರೇ.

ಹೊಲದ ಮೇಲೆ ಲೈನು ಎಳೆಯುವ ಬಲ ಬಂದಿರುವುದೂ ಬ್ರಿಟಿಷರ ಕಾಲದ 1885ರ ಟೆಲಿಗ್ರಾಫ್ ಕಾಯಿದೆಯಿಂದ. ಆ ಅಧಿಕಾರವನ್ನು ಲೈನಿನವರಿಗೂ ಕೊಡಬಹುದು ಅನ್ನುತ್ತದೆ 2003ರ ವಿದ್ಯುತ್ ಕಾಯಿದೆಯ 164ನೇ ಕಲಮು. ಜಮೀನು ಕಿತ್ತುಕೊಳ್ಳುವುದಿಲ್ಲ, ಪಹಣಿ ನಿನ್ನ ಹೆಸರಲ್ಲೇ ಇರುತ್ತದೆ. ಆದರೆ ನಿನ್ನ ಒಪ್ಪಿಗೆ ಬೇಕಿಲ್ಲ. ಅಡ್ಡ ಬಂದರೆ ಜಿಲ್ಲಾಧಿಕಾರಿಯ ಅಪ್ಪಣೆ ತರುತ್ತಾರೆ. ಟೆಲಿಗ್ರಾಮು 2013ರಲ್ಲೇ ನಿಂತುಹೋಯಿತು. 2023ರ ದೂರಸಂಪರ್ಕ ಕಾಯಿದೆಯಲ್ಲಿ ಆ ಹಳೇ ಕಾಯಿದೆಯನ್ನು ತೆಗೆದುಹಾಕುವ ಕಲಮಿದೆ. ಆದರೆ ಕರೆಂಟಿನ ಲೈನಿಗೆ ಬೇಕಾದ ಭಾಗವನ್ನು ಮಾತ್ರ ಉಳಿಸಿಕೊಂಡರು. ಹೆಣ ಹೂತರು, ಅದರ ಕೈಲಿದ್ದ ದೊಣ್ಣೆ ಹೂಳಲಿಲ್ಲ.

ಪರಿಹಾರ ಕೊಡ್ತೀವಲ್ಲ ಅನ್ನುತ್ತಾರೆ. ಕೇಂದ್ರದ 2024ರ ಜೂನ್ ಮಾರ್ಗಸೂಚಿಯಲ್ಲಿ ಟವರಿನ ಕಾಲೂರಿದ ಜಾಗಕ್ಕೆ ಜಮೀನಿನ ಬೆಲೆಯ ಎರಡರಷ್ಟು, ತಂತಿ ಹಾದ ಪಟ್ಟಿಗೆ ನೂರಕ್ಕೆ 30 ಅಂತಿದೆ. 2015ರದಕ್ಕಿಂತ ಇದು ವಾಸಿ, ಒಪ್ಪೋಣ. ಆದರೆ ಯಾರಿಗೆ? ಪಹಣಿ ಇದ್ದವರಿಗೆ. ಬಗರ್‌ಹುಕುಂ ಜಮೀನಿನಲ್ಲಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾದು ಕೂತವನ ಹತ್ತಿರ ಕಾಗದವಿಲ್ಲ. ಚನ್ನರಾಯಪಟ್ಟಣದ ಕಡೆ ಲೈನಿಗಾಗಿ ತೆಂಗು ಕಡಿದರೆ ತೋಟದವನಿಗೆ ಮರದ ಬೆಲೆ ಸಿಕ್ಕೀತು. ಅದೇ ಮರದ ಕಾಯಿ ಸುಲಿದು, ಗರಿ ಹೆಣೆದು ಉಣ್ಣುತ್ತಿದ್ದವಳ ಕೂಲಿ ಯಾವ ಕಾಲಮ್ಮಿನಲ್ಲೂ ಇಲ್ಲ. ದುಡ್ಡು ಕೊಟ್ಟ ಮಾತ್ರಕ್ಕೆ ಪ್ರಶ್ನೆ ಕೇಳುವ ಹಕ್ಕನ್ನೂ ಕೊಂಡುಕೊಂಡೆವು ಅಂದುಕೊಂಡಿದ್ದಾರೆ. ಅವ್ವ ಕೇಳಿದ್ದು ಬೆಲೆಯನ್ನಲ್ಲ, ಲೆಕ್ಕವನ್ನು.

ಗ್ರಿಡ್ಡು ಒಂದೇ, ಯಾವ ಕರೆಂಟು ಯಾರಿಗೆ ಅಂತ ಬೇರ್ಪಡಿಸೋಕಾಗಲ್ಲ ಅಂತ ಇಂಜಿನಿಯರು ಹೇಳ್ತಾರೆ. ನಿಜ. ಕೆರೆಯ ನೀರೂ ಒಂದೇ. ಆದರೂ ತೂಬು ಎಷ್ಟು ಹೊತ್ತು ಎತ್ತಿತ್ತು, ಯಾರ ಗದ್ದೆಗೆ ಎಷ್ಟು ಸರದಿ ಅನ್ನುವುದು ನೀರಗಂಟಿಗೆ ಗೊತ್ತಿತ್ತು, ಊರು ಅವನನ್ನು ಕೇಳುತ್ತಿತ್ತು. ಎಷ್ಟೋ ಊರುಗಳಲ್ಲಿ ಆ ನೀರಗಂಟಿ ಹೊಲಗೇರಿಯವನು. (ಊರಿಗೆಲ್ಲ ನೀರು ಹಂಚಿದವನು ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ, ಅದು ಬೇರೆ ಮಾತು, ಬೇರೆ ಮಾತೇನೂ ಅಲ್ಲ.) ದೊಡ್ಡ ಬಳಕೆದಾರನ ಮೀಟರು ತಿಂಗಳಿಗೆ ಎಷ್ಟು ಓಡಿತು, ಅವನಿಗೆ ಯಾವ ರಿಯಾಯಿತಿ, ಅವನಿಗಾಗಿ ಬೇಕಾದ ಹೊಸ ಲೈನಿನ ಖರ್ಚು ಯಾರ ಬಿಲ್ಲಿಗೆ ಸೇರಿತು, ಇಷ್ಟನ್ನು ಬರೆದು ಹಚ್ಚುವುದಕ್ಕೆ ಯಾವ ವಿಜ್ಞಾನ ಅಡ್ಡ ಬರುತ್ತದೆ?

ನಾವು ಕರೆಂಟಿನ ವಿರೋಧಿಗಳಲ್ಲ. 1942ರಿಂದ 46ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಬಾಬಾಸಾಹೇಬರ ಕೈಯಲ್ಲೇ ವಿದ್ಯುತ್ತಿನ ಯೋಜನೆಯೂ ಇತ್ತು. ಅಗ್ಗದ, ಸಮೃದ್ಧ ವಿದ್ಯುತ್ತಿಲ್ಲದೆ ಕೈಗಾರಿಕೆ ಬೆಳೆಯದು, ಕೈಗಾರಿಕೆ ಇಲ್ಲದೆ ಈ ದೇಶದ ಬಡತನ ನೀಗದು ಅಂತ 1943ರಲ್ಲೇ ವಾದಿಸಿದವರು ಅವರು. ಬಡವನ ಬಿಡುಗಡೆಗೆ ಅಂತ ಹೊರಟ ತಂತಿ ಅವನ ನೆತ್ತಿ ಮೇಲೆ ಹಾದು ಎಲ್ಲಿಗೆ ಮುಟ್ಟಿತು ಅಂತ ಕೇಳಿದರೆ ಅಭಿವೃದ್ಧಿಗೆ ಅಡ್ಡಗಾಲು ಅನ್ನುತ್ತಾರಲ್ಲ, ಅವರಿಗೆ ಬಾಬಾಸಾಹೇಬರು ಅರ್ಧ ಮಾತ್ರ ಬೇಕು.

ದರ ನಿಗದಿಗೆ ಮುಂಚೆ ಅರ್ಜಿ ಪ್ರಕಟಿಸಿ ಜನರ ಆಕ್ಷೇಪಣೆ ನೋಡಬೇಕು ಅಂತ ಅದೇ 2003ರ ಕಾಯಿದೆಯ 64ನೇ ಕಲಮಿನಲ್ಲಿದೆ. ಹಾಸನ ಜಿಲ್ಲೆಗೆ ಕರೆಂಟು ಹಂಚುವುದು ಮೈಸೂರಿನ ಚಾಮುಂಡೇಶ್ವರಿ ನಿಗಮ. ಅದರ ಅರ್ಜಿ ಬಂದಾಗ ಇಂಗ್ಲಿಷ್ ಬಲ್ಲ ಮೇಷ್ಟ್ರುಗಳು ಮುಖ್ಯವಾದ ಹತ್ತು ಪುಟ ಕನ್ನಡಕ್ಕೆ ತಂದು ಕೇರಿಯ ಜಗಲಿ ಮೇಲೆ ಓದಲಿ. ಕಾಲೇಜು ಹುಡುಗರು ಲೆಕ್ಕ ಹಾಕಲಿ. ನಮ್ಮ ಆಕ್ಷೇಪಣೆಯ ಮೊದಲ ಸಾಲಿಗೆ ಆ ಅವ್ವನ ಪ್ರಶ್ನೆಯನ್ನೇ ಇಟ್ಟುಕೊಂಡಿದ್ದೇನೆ. ಹೆಬ್ಬೆಟ್ಟು ಒತ್ತುತ್ತೀನಿ ಅಂದಿದ್ದಾಳೆ.