ಗಡಿಯಾಚೆಯ ಸಂಗಾತಿ ಯಾರು?

ಒಂದೇ ಧ್ಯೇಯವನ್ನು ನಂಬಿದವರು ಬೇರೆ ಬೇರೆ ದೇಶಗಳಲ್ಲಿದ್ದರೂ ಒಂದುಗೂಡಬೇಕೆಂಬ ಹಂಬಲವು ಸಹಜವಾದುದು. ಎರಡನೆಯ ಮಹಾಯುದ್ಧದ ದಳ್ಳುರಿ ಆರಿದ ಬಳಿಕ, 1947ರ ಏಪ್ರಿಲ್ ತಿಂಗಳಲ್ಲಿ, ಹಲವು ದೇಶಗಳ ಉದಾರವಾದಿಗಳು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಕಲೆತು, ಒಂದು ಪ್ರಣಾಳಿಕೆಯನ್ನು ಅಂಗೀಕರಿಸಿ, ‘ಲಿಬರಲ್ ಇಂಟರ್‌ನ್ಯಾಷನಲ್’ ಎಂಬ ಒಕ್ಕೂಟವನ್ನು ಸ್ಥಾಪಿಸಿದರು. ಸ್ಪೇನಿನ ಸರ್ವಾಧಿಕಾರವನ್ನು ವಿರೋಧಿಸಿ ತಾಯ್ನಾಡಿನಿಂದ ದೂರವಿದ್ದ ಸಾಲ್ವದೋರ್ ದೆ ಮದಾರಿಯಾಗಾ ಅವರು ಅದರ ಮೊದಲ ಅಧ್ಯಕ್ಷರಾದರು. ಉದಾರ ಎಂದೊಡನೆ ನಮಗೆ ದಾನಿಯ ನೆನಪಾಗುತ್ತದೆ. ಇಲ್ಲಿ ಆ ಪದವು ವ್ಯಕ್ತಿಸ್ವಾತಂತ್ರ್ಯವನ್ನು, ಕಾನೂನಿನ ಆಳ್ವಿಕೆಯನ್ನು, ಭಿನ್ನಮತದವನಿಗೂ ಇರುವ ಮಾತಿನ ಹಕ್ಕನ್ನು ಸೂಚಿಸುತ್ತದೆ.

ಇದು ದೂರದ ರಾಜಕಾರಣವೆಂದು ಭಕ್ತರಲ್ಲಿ ಕೆಲವರಿಗೆ ತೋರಬಹುದು. ಆದರೆ ಇದರಲ್ಲಡಗಿರುವುದು ನೀತಿಯ ಪ್ರಶ್ನೆ. ಇಂತಹ ಒಕ್ಕೂಟಕ್ಕೆ ದಂಡಶಕ್ತಿಯಿಲ್ಲ. ಪರದೇಶದ ಮತದಾರನ ಮೇಲೆ ಅಧಿಕಾರವೂ ಇಲ್ಲ. ಅದು ಕೊಡಬಲ್ಲುದು ತನ್ನ ಹೆಸರನ್ನು ಮಾತ್ರ. ಆ ಹೆಸರನ್ನು ಹೊತ್ತವನು ದಾರಿ ಬಿಟ್ಟಾಗ ಉಳಿದವರ ಧರ್ಮವೇನು?

ಹಂಗೇರಿಯ ‘ಫಿದೆಸ್’ ಪಕ್ಷವನ್ನು 1988ರಲ್ಲಿ ಕಮ್ಯುನಿಸ್ಟ್ ಆಡಳಿತವನ್ನು ಎದುರಿಸಿ ನಿಂತ ತರುಣರು ಕಟ್ಟಿದರು. ಅದರ ನಾಯಕ ವಿಕ್ಟರ್ ಓರ್ಬಾನ್ 1992ರಿಂದ 2000ದವರೆಗೆ ಇದೇ ಒಕ್ಕೂಟದ ಉಪಾಧ್ಯಕ್ಷರಲ್ಲೊಬ್ಬರಾಗಿದ್ದರು. 2000ದಲ್ಲಿ ಪಕ್ಷವು ಒಕ್ಕೂಟವನ್ನು ತೊರೆದು ಯುರೋಪಿನ ಸಂಪ್ರದಾಯವಾದಿಗಳ ಬಣವನ್ನು ಸೇರಿತು. 2014ರಲ್ಲಿ ಅದೇ ಓರ್ಬಾನ್, ತಾವು ಕಟ್ಟುತ್ತಿರುವುದು ಉದಾರವಾದಿಯಲ್ಲದ ರಾಜ್ಯವೆಂದು ಬಹಿರಂಗವಾಗಿಯೇ ಸಾರಿದರು. ಎಂಟು ವರ್ಷಗಳ ಸಹವಾಸವು ಅವರನ್ನು ಹಿಡಿದು ನಿಲ್ಲಿಸಲಿಲ್ಲ. ಆದರೂ ಅಂದು ಅವರನ್ನು ಸೇರಿಸಿಕೊಂಡದ್ದೇ ತಪ್ಪೆನ್ನುವುದು ನ್ಯಾಯವಲ್ಲ. ಬೀಜವನ್ನು ನೋಡಿ ಬಿತ್ತಬಹುದು, ಫಸಲಿನ ಹೊಣೆಯನ್ನೆಲ್ಲ ಬಿತ್ತಿದವನೇ ಹೊರಲಾರ.

ನೆದರ್ಲೆಂಡಿನ ಪ್ರಸಂಗವು ಇನ್ನೂ ತೊಡಕಿನದು. 2023ರ ನವೆಂಬರಿನ ಚುನಾವಣೆಯಲ್ಲಿ, ಮಸೀದಿಗಳನ್ನೂ ಕುರಾನನ್ನೂ ನಿಷೇಧಿಸಬೇಕೆನ್ನುತ್ತ ಬಂದಿದ್ದ ಗೀರ್ಟ್ ವಿಲ್ಡರ್ಸ್ ಅವರ ಪಕ್ಷವು 150ರಲ್ಲಿ 37 ಸ್ಥಾನ ಪಡೆದು ಮೊದಲನೆಯದಾಯಿತು. 2024ರ ಮೇ ತಿಂಗಳಲ್ಲಿ ಉದಾರವಾದಿಗಳ ವಿ.ವಿ.ಡಿ. ಪಕ್ಷವು ಅವರೊಡನೆ ಸರ್ಕಾರ ರಚಿಸಲು ಒಪ್ಪಿತು. ಯುರೋಪಿನ ಸಂಸತ್ತಿನಲ್ಲಿದ್ದ ಉದಾರವಾದಿ ಗುಂಪಿನ ಮುಖಂಡರು ಪ್ರತಿಭಟಿಸಿದರು; ಉಚ್ಚಾಟನೆಯ ಮಾತೂ ಕೇಳಿಬಂತು. ಚುನಾವಣೆ ಮುಗಿಯಿತು, ಗುಂಪು ಕುಗ್ಗಿತು, ವಿ.ವಿ.ಡಿ. ಒಳಗೇ ಉಳಿಯಿತು. ಆ ಪಕ್ಷದ ವಾದವನ್ನು ತಳ್ಳಿಹಾಕುವಂತಿಲ್ಲ: ಜನರು ಕೊಟ್ಟ ತೀರ್ಪಿನಿಂದಲೇ ಸರ್ಕಾರವಾಗಬೇಕು; ಸಂವಿಧಾನಕ್ಕೆ ಬದ್ಧರಾಗಿರುವೆವೆಂದು ಜೊತೆಗಾರರಿಂದ ಲಿಖಿತ ಒಪ್ಪಿಗೆಯನ್ನೂ ಪಡೆದಿದ್ದೇವೆ ಎಂದು. ಆದರೆ ಸಂಖ್ಯೆಯ ಮೋಹವು ಬಲು ಸೂಕ್ಷ್ಮವಾದುದು. ಸ್ಥಾನಗಳು ಬೇಕಾದಾಗ ಸಹನೆಯೂ, ಬೇಡವಾದಾಗ ತತ್ತ್ವನಿಷ್ಠೆಯೂ ನೆನಪಾಗುವುದಾದರೆ ಅದಕ್ಕೆ ಸ್ನೇಹವೆನ್ನಲಾದೀತೆ?

ನಮ್ಮ ಅಭಿಪ್ರಾಯದಲ್ಲಿ, ಉಚ್ಚಾಟಿಸಬೇಕೇ ಬೇಡವೇ ಎಂಬುದು ಎರಡನೆಯ ಪ್ರಶ್ನೆ. ಆ ನಾಡಿನಲ್ಲಿ ಆ ತತ್ತ್ವವನ್ನು ಈಗ ಹಿಡಿದು ನಿಂತವರು ಯಾರು ಎಂಬುದು ಮೊದಲನೆಯದು. ಆಸ್ಟ್ರಿಯದಲ್ಲಿ ನಡೆದುದನ್ನು ನೋಡಿರಿ. ಹಿಂದೆ ನಾಜಿಗಳಾಗಿದ್ದವರೇ ಮುಂದಾಗಿ ಕಟ್ಟಿದ ‘ಸ್ವಾತಂತ್ರ್ಯ ಪಕ್ಷ’ವನ್ನು, ಅದು ತಿದ್ದಿಕೊಳ್ಳುತ್ತಿದೆಯೆಂಬ ಭರವಸೆಯಿಂದ, 1970ರ ದಶಕದ ಕೊನೆಯಲ್ಲಿ ಒಕ್ಕೂಟವು ಸೇರಿಸಿಕೊಂಡಿತ್ತು. ಯೋರ್ಗ್ ಹೈಡರ್ ನಾಯಕರಾದ ಮೇಲೆ ಪಕ್ಷದ ಧ್ವನಿ ಬದಲಾಯಿತು. ವಿದೇಶೀಯರ ವಿರುದ್ಧ ಅವರು ಸಹಿಸಂಗ್ರಹ ನಡೆಸಿದಾಗ, 1993ರ ಫೆಬ್ರವರಿಯಲ್ಲಿ, ಹೈಡೆ ಶ್ಮಿಟ್ ಎಂಬ ಮಹಿಳೆ ಮತ್ತು ಇತರ ನಾಲ್ವರು ಸಂಸದರು ಹೊರಬಂದು ‘ಲಿಬರಲ್ ವೇದಿಕೆ’ಯನ್ನು ಕಟ್ಟಿದರು. ಹೊರದೂಡುವ ಮುನ್ನವೇ ಹೈಡರ್ ಪಕ್ಷವು ಆ ವರ್ಷ ಒಕ್ಕೂಟವನ್ನು ಬಿಟ್ಟಿತು. ಒಕ್ಕೂಟವು ದೊಡ್ಡ ಪಕ್ಷಕ್ಕಾಗಿ ಹಂಬಲಿಸದೆ ಈ ಚಿಕ್ಕ ಗುಂಪಿನ ಕೈ ಹಿಡಿಯಿತು.

ಫಲವು ಕೂಡಲೇ ದೊರೆಯಲಿಲ್ಲವೆಂಬುದನ್ನೂ ಹೇಳಬೇಕು. 1999ರಲ್ಲಿ ವೇದಿಕೆಯು ಸಂಸತ್ತಿನ ತನ್ನ ಸ್ಥಾನಗಳನ್ನೆಲ್ಲ ಕಳೆದುಕೊಂಡಿತು. ಹದಿನೈದು ವರ್ಷಗಳ ತರುವಾಯ, 2014ರಲ್ಲಿ, ‘ನೆಯೋಸ್’ ಎಂಬ ಹೊಸ ಪಕ್ಷದಲ್ಲಿ ವಿಲೀನವಾಯಿತು. ಆ ಪಕ್ಷವು 2025ರ ಮಾರ್ಚ್ ತಿಂಗಳಲ್ಲಿ ಆಸ್ಟ್ರಿಯದ ಸಮ್ಮಿಶ್ರ ಸರ್ಕಾರದಲ್ಲಿ ಪಾಲುದಾರನಾಯಿತು.