ಹಿಟ್ಟಿನೊಳಗೆ ಅಡಗಿಸಿದ ಮಾಂಸ

ದೇವರ ಕಣ್ಣಿಗೆ ಏನನ್ನಾದರೂ ಮರೆಮಾಡಬಹುದೋ? ಕೂಡದೆಂದು ನಾವೆಲ್ಲರೂ ಬಾಯಿಂದ ಹೇಳುತ್ತೇವೆ. ಆದರೆ ನಮ್ಮ ನಡತೆಯು ಬೇರೆ ಉತ್ತರವನ್ನು ಕೊಡುವದುಂಟು. ಈ ಸಂಗತಿಯನ್ನು ಆಲೋಚಿಸುವದಕ್ಕೆ ಜರ್ಮನಿ ದೇಶದ ಒಂದು ಚಿಕ್ಕ ಪಟ್ಟಣವೂ ಅಲ್ಲಿಯ ಒಂದು ಅಡಿಗೆಯೂ ನಮಗೆ ಸಹಾಯವಾಗುವವು.

ಆ ಪಟ್ಟಣದ ಹೆಸರು ಮೌಲ್‌ಬ್ರೊನ್. ಅದು ಆ ದೇಶದ ನೈಋತ್ಯ ಭಾಗದಲ್ಲಿದೆ. ಜನರು ಏಳು ಸಾವಿರಕ್ಕಿಂತ ಕಡಿಮೆ. ಬೆಳಿಗ್ಗೆ ಅಲ್ಲಿ ಬಂದಿಳಿದವನು ಸಾಯಂಕಾಲದೊಳಗೆ ಎಲ್ಲವನ್ನೂ ನಡೆದೇ ನೋಡಬಹುದು. ಊರಿನ ಜೀವಾಳವು 1147ರಲ್ಲಿ ಸಿಸ್ಟರ್ಸಿಯನ್ ಸಂನ್ಯಾಸಿಗಳು ಸ್ಥಾಪಿಸಿದ ಮಠವೇ. ಸುತ್ತುಗೋಡೆಯ ಒಳಗೆ ವಿಶಾಲವಾದ ಅಂಗಳ, ಮರದ ಚೌಕಟ್ಟಿನ ಹಳೇ ಮನೆಗಳು, ಕಲ್ಲಿನ ದೇವಾಲಯ, ಬೋಗುಣಿಯ ಮೇಲೆ ಬೋಗುಣಿಯನ್ನಿಟ್ಟಂಥ ಕಾರಂಜಿ ಇವೆ. ಸಂನ್ಯಾಸಿಗಳ ಕಾಲದ ಕೆರೆಕಾಲುವೆಗಳೂ ಉಳಿದಿವೆ. 1993ರಲ್ಲಿ ಯುನೆಸ್ಕೋ ಸಂಸ್ಥೆಯವರು ಇದನ್ನು ವಿಶ್ವ ಪರಂಪರೆಯ ಸ್ಥಳಗಳಲ್ಲಿ ಸೇರಿಸಿದರು. ಮತಸುಧಾರಣೆಯ ನಂತರ, 1556ರಲ್ಲಿ, ವುರ್ಟೆಂಬೆರ್ಗಿನ ದೊರೆಯಾದ ಕ್ರಿಸ್ಟೋಫನು ಅಲ್ಲಿ ಪಾಠಶಾಲೆಯನ್ನು ಸ್ಥಾಪಿಸಿದನು. ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಹಿಡಿದ ಕೆಪ್ಲರನು ಅಲ್ಲಿ ಓದಿದನು. 1838ರಲ್ಲಿ ಮಂಗಳೂರಿಗೆ ಬಂದು, ಮರುವರುಷ ತಲಶ್ಶೇರಿಯಲ್ಲಿ ನೆಲಸಿದ ಹೆರ್ಮನ್ ಗುಂಡರ್ಟ್ ಅಯ್ಯನವರೂ ಅಲ್ಲಿಯ ವಿದ್ಯಾರ್ಥಿಯಾಗಿದ್ದರು.

ಮಧ್ಯಾಹ್ನದ ಊಟಕ್ಕೆ ಕೂತವನಿಗೆ ಆ ಸೀಮೆಯಲ್ಲಿ ‘ಮೌಲ್‌ಟಾಶೆ’ ಎಂಬ ತಿನಿಸು ಸಿಕ್ಕುವದು. ಗೋದಿಹಿಟ್ಟಿಗೆ ಮೊಟ್ಟೆ ಸೇರಿಸಿ ನಾದಿ, ತೆಳ್ಳಗೆ ಲಟ್ಟಿಸಿ, ಕೊಚ್ಚಿದ ಮಾಂಸ, ಪಾಲಕ್ ಸೊಪ್ಪು, ನೆನಸಿದ ರೊಟ್ಟಿ, ಈರುಳ್ಳಿ ಇವುಗಳ ಹೂರಣವಿಟ್ಟು, ಮಡಚಿ ಬೇಯಿಸುತ್ತಾರೆ. ನಮ್ಮ ಹೂರಣದ ಕಡುಬನ್ನು ನೆನಸಿಕೊಂಡರೆ ಅದರ ರೀತಿಯು ತಿಳಿಯುವದು. ಅದನ್ನು ಬಿಸಿ ಸಾರಿನಲ್ಲಿ ಬಡಿಸುವರು. ಇಲ್ಲವೆ ಹೆಚ್ಚಿ, ಮೊಟ್ಟೆಯೊಂದಿಗೆ ಹುರಿದು ಕೊಡುವರು.

ಇದರ ವಿಷಯವಾಗಿ ಅಲ್ಲಿಯ ಜನರು ಹೇಳುವ ಕಥೆಯೊಂದುಂಟು. ಪಸ್ಕಹಬ್ಬಕ್ಕೆ ಮುಂಚಿನ ನಾಲ್ವತ್ತು ದಿವಸಗಳ ಉಪವಾಸದಲ್ಲಿ ಮಾಂಸವು ನಿಷಿದ್ಧವಾಗಿತ್ತು. ಆಗ ಮಠಕ್ಕೆ ಒಳ್ಳೇ ಮಾಂಸದ ತುಂಡೊಂದು ಬರಲು, ಅಡಿಗೆಯವರು ಅದನ್ನು ಬಿಸಾಡಲು ಮನಸ್ಸಿಲ್ಲದೆ ಸಣ್ಣಗೆ ಕೊಚ್ಚಿ, ಸೊಪ್ಪಿನೊಂದಿಗೆ ಬೆರಸಿ, ದೇವರಿಗೆ ಕಾಣದಂತೆ ಹಿಟ್ಟಿನೊಳಗೆ ಮುಚ್ಚಿದರಂತೆ! ಆದದರಿಂದ ‘ದೇವರನ್ನು ವಂಚಿಸುವ ಪುಟ್ಟದು’ ಎಂಬ ಅರ್ಥವುಳ್ಳ ಹಾಸ್ಯದ ಹೆಸರು ಅದಕ್ಕೆ ಬಂತು. ಇದು ಕಥೆಯೇ ಹೊರತು ಚರಿತ್ರೆಯಲ್ಲ. ಆದರೂ ಶುಭ ಶುಕ್ರವಾರದ ಸಮಯದಲ್ಲಿ ಅದನ್ನು ತಿನ್ನುವ ವಾಡಿಕೆಯು ಸುಧಾರಣೆಯ ಸಭೆಯವರಲ್ಲಿಯೂ ಉಳಿದಿದೆ.

ಈ ಕಥೆಯಲ್ಲಿ ತಪ್ಪು ಎಲ್ಲಿದೆ? ಮಾಂಸದಲ್ಲಿಲ್ಲ; ಬಾಯೊಳಗೆ ಹೋಗುವಂಥದು ಮನುಷ್ಯನನ್ನು ಹೊಲೆಮಾಡದೆಂದು ಕರ್ತನು ತಾನೇ ಕಲಿಸಿದನಷ್ಟೆ. 1522ರಲ್ಲಿ, ಇದೇ ಉಪವಾಸಕಾಲದಲ್ಲಿ, ಸ್ವಿಟ್ಜರ್ಲೆಂಡಿನ ಜೂರಿಕ್ ಪಟ್ಟಣದ ಮುದ್ರಣಕಾರನಾದ ಫ್ರೋಷೌವರನ ಮನೆಯಲ್ಲಿ ಕೆಲವರು ಮಾಂಸ ತಿಂದರು. ಬೋಧಕನಾದ ಜ್ವಿಂಗ್ಲಿಯು ತಾನು ತಿನ್ನದೆ ಇದ್ದರೂ, ಈ ಕಟ್ಟಳೆಯು ದೇವರದಲ್ಲವೆಂದು ಬಹಿರಂಗವಾಗಿ ಪ್ರಸಂಗಿಸಿದನು. ಅಲ್ಲಿಯೂ ಮಾಂಸವೇ, ಇಲ್ಲಿಯೂ ಮಾಂಸವೇ. ಆದರೆ ಅವರು ಕಟ್ಟಳೆಯನ್ನು ಒಪ್ಪದೆ ಬೆಳಕಿನಲ್ಲಿ ನಿಂತರು. ಕಥೆಯ ಅಡಿಗೆಯವರು ಕಟ್ಟಳೆಯನ್ನು ಹೊರಗೆ ಗೌರವಿಸಿ ಒಳಗೆ ಮುರಿದರು. ದೋಷವಿರುವದು ಮುಚ್ಚುವದರಲ್ಲಿಯೇ.

ಆದರೆ ಆತುರಪಟ್ಟು ತೀರ್ಪು ಹೇಳಬಾರದು. ಬಡ ಮನೆಯ ತಾಯಿಯು ಅಂಗೈಯಷ್ಟು ಮಾಂಸವನ್ನೂ ಹಳಸಿದ ರೊಟ್ಟಿಯನ್ನೂ ಹೀಗೆಯೇ ಕೊಚ್ಚಿ, ಎಲ್ಲಾ ಮಕ್ಕಳಿಗೂ ಒಂದೊಂದು ಪಾಲು ಬರುವಂತೆ ಹಿಟ್ಟಿನಲ್ಲಿ ತುಂಬಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಟ್ಟಲು. ಒಂದು ಕೈ ಬಚ್ಚಿಟ್ಟಿತು, ಇನ್ನೊಂದು ಕೈ ಹಂಚಿತು. ಆದಕಾರಣ ಏನು ತಿಂದೆ ಎಂದಲ್ಲ, ಯಾತಕ್ಕಾಗಿ ಮುಚ್ಚಿದೆ, ಯಾರಿಗೆ ಹಂಚಿದೆ ಎಂದೇ ಕೇಳತಕ್ಕದ್ದು.

ಮೌಲ್‌ಬ್ರೊನ್ನಿನ ಮಠದಲ್ಲಿ ಇನ್ನೊಂದನ್ನು ನೋಡಬೇಕು. ಅಲ್ಲಿ ಭೋಜನಶಾಲೆಗಳು ಎರಡು: ಹಾಡಿ ಪ್ರಾರ್ಥಿಸುವ ಸಂನ್ಯಾಸಿಗಳಿಗೆ ಒಂದು, ಕೈಕೆಲಸದ ಸಹೋದರರಿಗೆ ಒಂದು. ದೇವಾಲಯದ ನಡುವೆಯೂ ಇವರನ್ನು ಅಗಲಿಸುವ ಕಲ್ಲಿನ ಗೋಡೆಯುಂಟು. ಅವರವರ ನೇಮಗಳು ಬೇರೆಯಾಗಿದ್ದವೆಂಬದು ನಿಜ. ಆದರೂ ಹಿಟ್ಟಿನಲ್ಲಿ ಅಡಗಿದ ಮಾಂಸವನ್ನು ಕುರಿತು ಲೋಕವು ನಗುತ್ತದೆ. ಕಣ್ಣೆದುರಿಗೆ ನಿಂತ ಗೋಡೆಯನ್ನು ಕುರಿತು ಯಾರೂ ನಗುವದಿಲ್ಲ! ಹಸಿದವನಿಗೆ ಅನ್ನವನ್ನು ಹಂಚುವದೇ ದೇವರು ಮೆಚ್ಚುವ ಉಪವಾಸವೆಂದು ಯೆಶಾಯನ 58ನೇ ಅಧ್ಯಾಯವು ಕಲಿಸುತ್ತದಲ್ಲವೇ?

ಪ್ರಿಯರೇ, ಕರ್ತನ ಭೋಜನದಲ್ಲಿ ಒಂದೇ ರೊಟ್ಟಿಯಲ್ಲಿ ಪಾಲುಗೊಂಡವರು, ಮದುವೆಯ ಊಟದಲ್ಲಿ ಹಿಂದಿನ ಜಾತಿಯನ್ನು ನೋಡಿ ಪಂಕ್ತಿಯನ್ನು ಬೇರೆಮಾಡಿದರೆ, ಆ ಸಂನ್ಯಾಸಿಗಳನ್ನು ನೋಡಿ ನಗುವದಕ್ಕೆ ಅವರಿಗೆ ಬಾಯುಂಟೋ? ‘ನೆಂಟರ ದಾಕ್ಷಿಣ್ಯ’, ‘ಹಿರಿಯರ ಪದ್ಧತಿ’ ಎಂಬವುಗಳೇ ಅಂಥವರು ಲಟ್ಟಿಸಿದ ತೆಳ್ಳಗಿನ ಹಿಟ್ಟು. ಅದು ನೆರೆಯವರ ಕಣ್ಣಿಗೆ ಸಾಕಾದೀತು. ಅಂತರಂಗವನ್ನು ನೋಡುವಾತನಿಗೆ ಸಾಲದು. ನಾವಾದರೋ ಮುಚ್ಚುವ ಜಾಣತನವನ್ನು ಬಿಟ್ಟು ಹಂಚುವ ಧೈರ್ಯವನ್ನು ಕಲಿಯೋಣ. ಮುಂದಿನ ಔತಣದಲ್ಲಿ ನಮ್ಮ ಎಲೆಯ ಪಕ್ಕದಲ್ಲಿ ಯಾರ ಎಲೆ ಹಾಸಿದೆ ಎಂದು ಮೊದಲು ನೋಡಿಕೊಳ್ಳೋಣ.